ದುಂಡನೆಯ ನಕ್ಷತ್ರಕ್ಕೆ ಎಷ್ಟು ತಿದ್ದಬೇಕು?

"ನಿನ್ನೆ ನಿಮ್ಮದು ಎಷ್ಟು ಬಂತು?"

ಆಕಾಶದ ಫೋಟೊ ತೆಗೆಯುವ ಇಬ್ಬರು ಎದುರಾದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುತ್ತಿರುವುದು ಗೈಡಿಂಗ್‌ನ, ಅಂದರೆ ಒಂದು ನಕ್ಷತ್ರವನ್ನು ಕಾಯುತ್ತ ಟೆಲಿಸ್ಕೋಪನ್ನು ತಿದ್ದುತ್ತಿರುವ ಕೆಲಸದ, ಆರ್‌ಎಂಎಸ್ ಅಂಕಿ. ಟೆಲಿಸ್ಕೋಪನ್ನು ಹೊತ್ತ ಮೌಂಟ್, ನಕ್ಷತ್ರದಿಂದ ಆಚೀಚೆ ಎಷ್ಟು ಸರಿದಾಡಿತು ಅನ್ನುವುದರ ಲೆಕ್ಕ ಅದು, ಆರ್ಕ್‌ಸೆಕೆಂಡ್‌ಗಳಲ್ಲಿ (ಒಂದು ಡಿಗ್ರಿಯಲ್ಲಿ 3600). 0.5 ಅಂದರೆ ಎದುರಿಗಿದ್ದವರ ಹುಬ್ಬು ಮೇಲೇರುತ್ತದೆ. 1.2 ಅಂದರೆ "ಬ್ಯಾಲೆನ್ಸ್ ನೋಡಿದ್ರಾ? ಪೋಲಾರ್ ಅಲೈನ್‌ಮೆಂಟ್ ಸರಿ ಇತ್ತಾ?" ಎಂದು ವಿಚಾರಣೆ ಶುರುವಾಗುತ್ತದೆ (ಪೋಲಾರ್ ಅಲೈನ್‌ಮೆಂಟ್ ಅಂದರೆ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದು). ನೀಹಾರಿಕೆಯ ಚಿತ್ರ ಆಮೇಲೆ ಯಾವಾಗಲೋ ಬರುತ್ತದೆ, ಗ್ರಾಫಿನ ಸ್ಕ್ರೀನ್‌ಶಾಟ್ ಮಾತ್ರ ಆ ರಾತ್ರಿಯೇ ವಾಟ್ಸಾಪ್‌ಗೆ ಬಿದ್ದಿರುತ್ತದೆ.

ನನಗೂ ಈ ಚಟವಿದೆ. ಆದರೆ ಬರಬರುತ್ತ ಒಂದು ಗುಮಾನಿ ಗಟ್ಟಿಯಾಗಿದೆ. ಆ ಅಂಕಿ ಇಳಿಸುವುದೇ ಬೇರೆ, ಚಿತ್ರ ಚೆನ್ನಾಗಿ ಬರುವುದೇ ಬೇರೆ. ಅಂಕಿ ಇಳಿಸುವ ಹಠಕ್ಕೆ ಬಿದ್ದು ಮೌಂಟಿಗೆ ಕೊಡಿಸುವ ತಿದ್ದುಪಡಿಗಳಲ್ಲಿ ಎಷ್ಟೋ ಕೊಡದೇ ಇದ್ದರೇ ಒಳ್ಳೆಯದು.

ಹೊಸಬರಿಗಾಗಿ ಒಂದೆರಡು ಮಾತು. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಹುಣ್ಣಿಮೆ ಚಂದ್ರನ ಅಗಲ ಸುಮಾರು 1800 ಆರ್ಕ್‌ಸೆಕೆಂಡ್. ಅಂದರೆ ಎರಡು ನಿಮಿಷಕ್ಕೆ ಒಂದು ಚಂದ್ರನಷ್ಟು ಆಕಾಶ ಕೈತಪ್ಪಿ ಹೋಗುತ್ತದೆ. ಅದರ ಬೆನ್ನು ಹತ್ತುವುದು ಮೌಂಟಿನ ಕೆಲಸ. ನನ್ನ ಟೆಲಿಸ್ಕೋಪಿನ ಫೋಕಲ್ ಲೆಂತ್ 600 ಮಿ.ಮೀ., ಕ್ಯಾಮೆರಾದ ಪಿಕ್ಸೆಲ್ 3.76 ಮೈಕ್ರಾನ್. 206.265ನ್ನು ಪಿಕ್ಸೆಲ್ ಗಾತ್ರದಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಒಂದು ಪಿಕ್ಸೆಲ್ಲಿಗೆ ಎಷ್ಟು ಆಕಾಶ ಎಂದು ಗೊತ್ತಾಗುತ್ತದೆ. ನನ್ನದು 1.29 ಆರ್ಕ್‌ಸೆಕೆಂಡ್. ಐದು ನಿಮಿಷದ ಎಕ್ಸ್‌ಪೋಷರ್ ಮುಗಿಯುವಷ್ಟರಲ್ಲಿ ಆಕಾಶ 4500 ಆರ್ಕ್‌ಸೆಕೆಂಡ್ ಓಡಿರುತ್ತದೆ. ಅಷ್ಟು ಹೊತ್ತೂ ಮೌಂಟ್ ಹೆಚ್ಚುಕಡಿಮೆ ಒಂದು ಪಿಕ್ಸೆಲ್ಲಿನ ಆಸುಪಾಸಿನಲ್ಲೇ ಇರಬೇಕು.

ಗಿಯರ್ ಇದನ್ನು ತಾನಾಗಿ ಮಾಡಿಕೊಡುವುದಿಲ್ಲ. ನನ್ನ ಮೌಂಟಿನ ಆರ್‌ಎ ಅಕ್ಷದಲ್ಲಿ, ಅಂದರೆ ಆಕಾಶದ ಜೊತೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗುವ ಅಕ್ಷದಲ್ಲಿ, 180 ಹಲ್ಲಿನ ಚಕ್ರ, ಅದನ್ನು ತಿರುಗಿಸಲು ಒಂದು ವರ್ಮ್ (ಸ್ಕ್ರೂ ಆಕಾರದ ಗಿಯರ್). ನಕ್ಷತ್ರಗಳ ಒಂದು ದಿನವನ್ನು 180ರಿಂದ ಭಾಗಿಸಿದರೆ 479 ಸೆಕೆಂಡ್. ಅಷ್ಟು ಹೊತ್ತಿಗೊಮ್ಮೆ ವರ್ಮ್ ಒಂದು ಸುತ್ತು ಮುಗಿಸುತ್ತದೆ. ವರ್ಮ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಸಾಕು, ಪ್ರತಿ ಸುತ್ತಿಗೂ ಟೆಲಿಸ್ಕೋಪು ಮುಂದೊಮ್ಮೆ ಹಿಂದೊಮ್ಮೆ ತೂಗುತ್ತದೆ. ಈ ವರ್ಗದ ಮೌಂಟುಗಳಲ್ಲಿ ಹತ್ತು ಹದಿನೈದು ಆರ್ಕ್‌ಸೆಕೆಂಡ್ ಆಚೆ, ಅಷ್ಟೇ ಈಚೆ ತೂಗುವುದು ಮಾಮೂಲು. ಇದೇ ಪೀರಿಯಾಡಿಕ್ ಎರರ್. ನಕ್ಷತ್ರ ಚುಕ್ಕೆಯಾಗದೆ ಗೆರೆಯಾಗುವುದಕ್ಕೆ ಮೊದಲ ಕಾರಣ ಇದು.

ಇದಕ್ಕೆ ಪರಿಹಾರ ಹಳೆಯದು. ಮುಖ್ಯ ಟೆಲಿಸ್ಕೋಪಿನ ಬೆನ್ನಿಗೆ ಇನ್ನೊಂದು ಚಿಕ್ಕ ಟೆಲಿಸ್ಕೋಪು ಕಟ್ಟಿ, ಅದರಲ್ಲಿ ಒಂದು ನಕ್ಷತ್ರವನ್ನು ಕಾಯುತ್ತ ಕೂರುವುದು. ಈಗ ಕಾಯುವುದು ಕ್ಯಾಮೆರಾ ಮತ್ತು ಪಿಎಚ್‌ಡಿ2 ಎಂಬ ಉಚಿತ ತಂತ್ರಾಂಶ. ಮುಂಚೆ ಕಾಯುತ್ತಿದ್ದವರು ಮನುಷ್ಯರು. 1889ರಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಆಕಾಶಗಂಗೆಯ ಚಿತ್ರ ತೆಗೆಯತೊಡಗಿದಾಗ, ಗಂಟೆಗಟ್ಟಲೆ ಐಪೀಸಿಗೆ ಕಣ್ಣಿಟ್ಟು, ಅಡ್ಡಗೆರೆಯ ಮೇಲಿನ ನಕ್ಷತ್ರ ಜಾರದಂತೆ ಕೈಯಲ್ಲೇ ತಿದ್ದುತ್ತಿದ್ದ. ಅದೇ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದ ವೀಕ್ಷಣಾಲಯಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದ, ಆಮೇಲೆ 1917ರಲ್ಲಿ ಅಲ್ಲೇ ಕಸ ಗುಡಿಸುವ ಕೆಲಸಕ್ಕೆ ಸೇರಿದ ಮಿಲ್ಟನ್ ಹ್ಯೂಮಸನ್, ಖಗೋಳಜ್ಞ ಎಡ್ವಿನ್ ಹಬಲ್ ಜೊತೆಗೂಡಿ ದೂರದ ಗ್ಯಾಲಕ್ಸಿಗಳ ರೋಹಿತ ಹಿಡಿದದ್ದೂ ಹೀಗೆ ಕಾದು ಕೂತೇ. ಮಂಕು ಗ್ಯಾಲಕ್ಸಿಗಾದರೆ ಒಂದೇ ಫೋಟೊ ಪ್ಲೇಟನ್ನು ರಾತ್ರಿ ರಾತ್ರಿ ಮತ್ತೆ ಮತ್ತೆ ತೆರೆದು ಎಕ್ಸ್‌ಪೋಸ್ ಮಾಡಬೇಕಿತ್ತು. ಪಾಲೊಮಾರ್ ವೀಕ್ಷಣಾಲಯದ 200 ಇಂಚಿನ ದೂರದರ್ಶಕದಲ್ಲಿ ಖಗೋಳಜ್ಞರು ಕೊಳವೆಯ ನೆತ್ತಿಯ ಪಂಜರದೊಳಗೇ ಕೂರುತ್ತಿದ್ದರು, ಚಳಿಗೆ ವಿಮಾನ ಚಾಲಕರು ತೊಡುವ ವಿದ್ಯುತ್ ಬಿಸಿಯ ಸೂಟು ತೊಟ್ಟುಕೊಂಡು.

ಇವರ ಕೈಗೆ ಒಂದು ಅನುಕೂಲ ಇತ್ತೆಂದು ನನಗೆ ಅನಿಸುತ್ತದೆ. ಮನುಷ್ಯನ ಕೈ ನಿಧಾನ. ನಕ್ಷತ್ರ ಗೆರೆಯಿಂದ ಸರಿಯಿತು ಎಂದು ಕಣ್ಣಿಗೆ ಕಂಡು, ನಿಜವಾಗಿ ಸರಿಯಿತೋ ಬರೀ ಕಂಪಿಸಿತೋ ಎಂದು ಅನುಮಾನಿಸಿ, ಆಮೇಲೆ ಕೈ ಏಳಬೇಕು. ಅಷ್ಟರಲ್ಲಿ ಗಾಳಿಯ ಕಂಪನ ಬಂದು ಹೋಗಿರುತ್ತದೆ. ನಮ್ಮ ತಂತ್ರಾಂಶಕ್ಕೆ ಆ ಅನುಮಾನವನ್ನು ನಾವೇ ಕಲಿಸಬೇಕು.

ಯಾಕೆಂದರೆ ಗೈಡ್ ಕ್ಯಾಮೆರಾ ನೋಡುವ ನಕ್ಷತ್ರ ಎರಡು ಕಾರಣಕ್ಕೆ ಅಲುಗುತ್ತದೆ. ಒಂದು, ಮೌಂಟ್ ನಿಜವಾಗಿಯೂ ಸರಿದಿದೆ. ಇನ್ನೊಂದು, ಮೌಂಟ್ ಇದ್ದಲ್ಲೇ ಇದೆ, ಮೇಲಿನ ಗಾಳಿ ಬೆಳಕನ್ನು ಆಚೀಚೆ ಬಾಗಿಸಿದೆ. ಇದನ್ನೇ ಸೀಯಿಂಗ್ ಅನ್ನುತ್ತೇವೆ. ಅರ್ಧ ಸೆಕೆಂಡಿನ ಎಕ್ಸ್‌ಪೋಷರ್ ಇಟ್ಟು ಗೈಡ್ ಮಾಡಿದರೆ ಕಾಣುವುದರಲ್ಲಿ ಬಹುಪಾಲು ಗಾಳಿಯ ಆಟವೇ. ತಂತ್ರಾಂಶ ಅದನ್ನು ನಂಬಿ ಮೌಂಟಿಗೆ "ಎಡಕ್ಕೆ ಬಾ" ಅನ್ನುತ್ತದೆ. ಮೌಂಟ್ ಎಡಕ್ಕೆ ಬರುವಷ್ಟರಲ್ಲಿ ನಕ್ಷತ್ರ ತನ್ನ ಜಾಗಕ್ಕೆ ವಾಪಸಾಗಿರುತ್ತದೆ. ಈಗ ಮೌಂಟೇ ತಪ್ಪು ಜಾಗದಲ್ಲಿದೆ, "ಬಲಕ್ಕೆ ಬಾ." ಇಲ್ಲದ ದೋಷವನ್ನು ತಿದ್ದಲು ಹೋಗಿ ಇದ್ದ ದೋಷದ ಮೇಲೆ ಇನ್ನೊಂದನ್ನು ಪೇರಿಸಿದಂತಾಯಿತು.

ಹಾಗಾದರೆ ಎಷ್ಟು ಹೊತ್ತು ಕಾಯಬಹುದು? ಇದಕ್ಕೆ ಊಹೆ ಬೇಕಿಲ್ಲ, ಲೆಕ್ಕವೇ ಹೇಳುತ್ತದೆ. 479 ಸೆಕೆಂಡಿನ ಅಲೆ 15 ಆರ್ಕ್‌ಸೆಕೆಂಡ್ ಆಚೀಚೆ ತೂಗಿದರೆ, ಅದು ಅತಿ ಜೋರಾಗಿ ಸರಿಯುವ ಗಳಿಗೆಯಲ್ಲೂ ವೇಗ ಸೆಕೆಂಡಿಗೆ 0.2 ಆರ್ಕ್‌ಸೆಕೆಂಡ್ ಮಾತ್ರ. ಎರಡು ಸೆಕೆಂಡ್ ಕಾದರೆ 0.4, ಮೂರಕ್ಕೆ 0.6. ನನ್ನ 1.29ರ ಪಿಕ್ಸೆಲ್ಲಿಗೆ ಇದು ಅರ್ಧದೊಳಗೇ ಆಯಿತು. ಹಾಗಾಗಿ ಎರಡರಿಂದ ಮೂರು ಸೆಕೆಂಡಿನ ಗೈಡ್ ಎಕ್ಸ್‌ಪೋಷರ್ ಆರಾಮ. ಗಾಳಿಯ ಕಂಪನ ಅಷ್ಟರಲ್ಲಿ ಸಾಕಷ್ಟು ಸರಾಸರಿಯಾಗುತ್ತದೆ, ವರ್ಮಿನ ತೂಗಾಟ ಕೈಮೀರುವುದಿಲ್ಲ. ಪಿಎಚ್‌ಡಿ2ರಲ್ಲಿ ಮಿನಿಮಮ್ ಮೂವ್ ಎಂಬ ಸೆಟ್ಟಿಂಗ್ ಇದೆ: ಇಷ್ಟಕ್ಕಿಂತ ಚಿಕ್ಕ ತಪ್ಪಾದರೆ ಕಣ್ಣುಮುಚ್ಚಿಕೊಂಡಿರು ಎಂದು ಅದಕ್ಕೆ ಹೇಳುವುದು. ಅದರ ಬೆಲೆ ಎಷ್ಟಿರಬೇಕೆಂದು ತಿಳಿಯಲು ಗೈಡಿಂಗ್ ಅಸಿಸ್ಟೆಂಟ್ ಓಡಿಸಿದರಾಯಿತು. ಅದು ಕೆಲವು ನಿಮಿಷ ತಿದ್ದುಪಡಿಯನ್ನೆಲ್ಲ ನಿಲ್ಲಿಸಿ ಸುಮ್ಮನೆ ನೋಡುತ್ತದೆ, ಆ ರಾತ್ರಿಯ ಗಾಳಿ ಎಷ್ಟು, ಪೋಲಾರ್ ಅಲೈನ್‌ಮೆಂಟ್ ಎಷ್ಟು ತಪ್ಪಿದೆ ಎಂದು ಅಳೆದು, ಆಮೇಲೆ ಮೌಂಟನ್ನು ಆಚೀಚೆ ಓಡಿಸಿ ಬ್ಯಾಕ್‌ಲ್ಯಾಶ್ (ಗಿಯರ್ ಹಲ್ಲುಗಳ ನಡುವಿನ ಸಡಿಲ) ಎಷ್ಟೆಂದೂ ನೋಡಿ ಸಲಹೆ ಕೊಡುತ್ತದೆ. ಯಾರದೋ ಮೌಂಟಿನ ಸೆಟ್ಟಿಂಗ್ ಕೇಳಿ ನಕಲು ಮಾಡುವುದಕ್ಕಿಂತ ಈ ಸಲಹೆ ಸಾವಿರ ಪಾಲು ವಾಸಿ.

ಇನ್ನೊಂದು ಲೆಕ್ಕ. ಇದನ್ನು ಮಾಡಿದ ಮೇಲೆ ನನಗೆ 0.5ರ ಮೋಹ ಇಳಿಯಿತು. ನಮ್ಮ ಬಯಲುಸೀಮೆಯಲ್ಲಿ ಸಾಧಾರಣ ರಾತ್ರಿಯ ಸೀಯಿಂಗ್ 3 ಆರ್ಕ್‌ಸೆಕೆಂಡ್ ಎಂದಿಟ್ಟುಕೊಳ್ಳಿ. ಗೈಡಿಂಗ್ ಪರಿಪೂರ್ಣವಾಗಿದ್ದರೂ ನಕ್ಷತ್ರದ ಅಗಲ ಅಷ್ಟಿದ್ದೇ ಇರುತ್ತದೆ. ಗೈಡಿಂಗ್‌ನ ಮಸುಕು ಇದಕ್ಕೆ ನೇರವಾಗಿ ಕೂಡುವುದಿಲ್ಲ, ವರ್ಗಗಳ ಮೊತ್ತದ ವರ್ಗಮೂಲವಾಗಿ ಕೂಡುತ್ತದೆ (ಆ ಮಸುಕಿನ ಅಗಲ ಆರ್‌ಎಂಎಸ್‌ನ ಸುಮಾರು 2.35 ಪಟ್ಟು). ಒಂದು ಅಕ್ಷದ ಆರ್‌ಎಂಎಸ್ 0.7 ಇದ್ದರೆ ನಕ್ಷತ್ರ 3.4 ಆಗುತ್ತದೆ. ಕಷ್ಟಪಟ್ಟು 0.5ಕ್ಕೆ ಇಳಿಸಿದರೆ 3.2. ಸ್ಕ್ರೀನ್‌ಶಾಟಿನಲ್ಲಿ ಎದ್ದು ಕಾಣುವ ವ್ಯತ್ಯಾಸ ಚಿತ್ರದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಸಿಗುವುದು ಬೇರೆಯದು. ಆರ್‌ಎಯಲ್ಲಿ 0.9, ಡೆಕ್‌ನಲ್ಲಿ (ಉತ್ತರ ದಕ್ಷಿಣಕ್ಕೆ ತಿರುಗುವ ಇನ್ನೊಂದು ಅಕ್ಷ) 0.4 ಬಂದ ರಾತ್ರಿ ಒಟ್ಟು ಅಂಕಿ 1ರೊಳಗೇ ಇರುತ್ತದೆ, ಹೇಳಿಕೊಳ್ಳಲು ಚೆನ್ನಾಗಿಯೇ ಇದೆ. ಆದರೆ ನಕ್ಷತ್ರ ಒಂದು ಕಡೆ 3.7, ಇನ್ನೊಂದು ಕಡೆ 3.1, ಚಿತ್ರ ದೊಡ್ಡದು ಮಾಡಿದ ಕೂಡಲೇ ಮೊಟ್ಟೆಯಾಕಾರ ಕಣ್ಣಿಗೆ ಹೊಡೆಯುತ್ತದೆ. ಎರಡರಲ್ಲೂ 0.8 ಬಂದರೆ ಒಟ್ಟು 1.13. ಅಂಕಿ ಕೆಟ್ಟದು, ನಕ್ಷತ್ರ ಮಾತ್ರ ಎರಡೂ ಕಡೆ 3.5, ದುಂಡಗೆ. ನೋಡುವವರು ಕ್ಷಮಿಸುವುದು ದಪ್ಪ ನಕ್ಷತ್ರವನ್ನು, ಓರೆ ನಕ್ಷತ್ರವನ್ನು ಯಾರೂ ಕ್ಷಮಿಸುವುದಿಲ್ಲ. ಹಾಗಾಗಿ ನಾನೀಗ ಒಟ್ಟು ಅಂಕಿಗಿಂತ ಮೊದಲು ಎರಡು ಅಕ್ಷಗಳು ಸಮವಾಗಿವೆಯೇ ಎಂದು ನೋಡುತ್ತೇನೆ.

ಸಮ ತಪ್ಪಿಸುವುದರಲ್ಲಿ ಡೆಕ್‌ನ ಪಾಲೂ ದೊಡ್ಡದು. ಕಾರಣ ಸರಳ. ಆರ್‌ಎ ಮೋಟಾರು ಯಾವಾಗಲೂ ಒಂದೇ ದಿಕ್ಕಿಗೆ ಓಡುತ್ತಿರುತ್ತದೆ. ಗೈಡ್ ಪಲ್ಸ್ (ತಂತ್ರಾಂಶ ಕಳಿಸುವ ಚಿಕ್ಕ ತಿದ್ದುಪಡಿ) ಬಂದಾಗ ಸ್ವಲ್ಪ ನಿಧಾನವಾಗುತ್ತದೆ ಇಲ್ಲವೇ ಸ್ವಲ್ಪ ಜೋರಾಗುತ್ತದೆ, ಅಷ್ಟೇ. ಹಿಂದಕ್ಕೆ ತಿರುಗುವ ಪ್ರಸಂಗವಿಲ್ಲ. ಡೆಕ್ ಹಾಗಲ್ಲ, ಅದು ನಿಂತೇ ಇರುತ್ತದೆ, ಪ್ರತಿ ಸಲ ದಿಕ್ಕು ಬದಲಿಸಬೇಕು. ಹಲ್ಲು ಮತ್ತು ವರ್ಮ್ ನಡುವೆ ಪ್ಲೇ (ಸಡಿಲ, ಅದೇ ಬ್ಯಾಕ್‌ಲ್ಯಾಶ್) ಇದ್ದರೆ, ಹಳೇ ಲಾರಿಯ ಸ್ಟಿಯರಿಂಗ್ ತಿರುಗಿಸಿದ ಹಾಗೆ, ಕಾಲು ಸುತ್ತು ತಿರುಗಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ. ತಂತ್ರಾಂಶ ಪಲ್ಸ್ ಮೇಲೆ ಪಲ್ಸ್ ಕಳಿಸುತ್ತದೆ, ನಕ್ಷತ್ರ ಜಪ್ಪಯ್ಯ ಅನ್ನುವುದಿಲ್ಲ, ಕೊನೆಗೆ ಒಮ್ಮೆಲೇ ಜಿಗಿದು ಆ ಬದಿಗೆ ಹೋಗುತ್ತದೆ.

ಇದನ್ನು ಕಡಿಮೆ ಮಾಡಲು ಸಾಫ್ಟ್‌ವೇರ್ ಮುಟ್ಟುವ ಮುನ್ನ ಅಲೆನ್ ಕೀ ಎತ್ತಬೇಕು. ಟೆಲಿಸ್ಕೋಪು ಇಳಿಸಿ, ಡೆಕ್ ಕ್ಲಚ್ ಬಿಗಿ ಮಾಡಿ, ತಲೆಯ ಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಆಚೀಚೆ ಒತ್ತಿದರೆ ಟಕ್ ಟಕ್ ಎಂದು ಬೆರಳಿಗೆ ತಿಳಿಯುತ್ತದೆ. ವರ್ಮ್ ಕೂತ ಡಬ್ಬಿಯ ಬದಿಯಲ್ಲಿ ಎರಡು ಪುಟ್ಟ ಗ್ರಬ್ ಸ್ಕ್ರೂಗಳಿವೆ. ಒಂದನ್ನು ಎಂಟನೇ ಒಂದು ಸುತ್ತು ಸಡಿಲಿಸಿ, ಎದುರಿನದನ್ನು ಅಷ್ಟೇ ಬಿಗಿ ಮಾಡಿ, ಮತ್ತೆ ಒತ್ತಿ ನೋಡುವುದು. ಟಕ್ ಸದ್ದು ನಿಂತ ಕೂಡಲೇ ಗೆದ್ದೆವು ಎಂದು ಮುಚ್ಚಿಬಿಡುವ ಹಾಗಿಲ್ಲ. ಚಕ್ರ ಎಲ್ಲ ಕಡೆ ಒಂದೇ ದುಂಡಗೆ ಇರುವುದಿಲ್ಲ, ಹಾಗಾಗಿ ಪೂರ್ತಿ ಒಂದು ಸುತ್ತು ಹೊಡೆಸಿ ಮೋಟಾರು ಎಲ್ಲಾದರೂ ಮುಕ್ಕಿರಿಯುತ್ತದೆಯೇ ಎಂದು ಕಿವಿಗೊಡಬೇಕು. ನಮ್ಮ ಬೀದಿಯಲ್ಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ಜೀವಮಾನವೆಲ್ಲ ಗಿಯರ್ ಕತ್ತರಿಸಿದವರು. ನಾನು ಕಾರ್ ಶೆಡ್ಡಿನಲ್ಲಿ ಕೂತು ಇದನ್ನೇ ಮಾಡುತ್ತಿದ್ದಾಗ ಬಂದು ನಿಂತು ನೋಡಿದರು. "ಪ್ಲೇ ಪೂರ್ತಿ ತೆಗೀಬೇಡಪ್ಪ, ಗ್ರೀಸಿಗೆ ಸ್ವಲ್ಪ ಜಾಗ ಬಿಡು. ಇಲ್ಲಾಂದ್ರೆ ಚಳಿಗೆ ಹಿಡ್ಕೊಳ್ಳತ್ತೆ." ಟೆಲಿಸ್ಕೋಪ್ ಮೌಂಟನ್ನು ಅವರು ಅದೇ ಮೊದಲು ನೋಡಿದ್ದು. ಮಾತು ಮಾತ್ರ ಅಕ್ಷರಶಃ ನಿಜ. ಮಧ್ಯಾಹ್ನದ ಬಿಸಿಯಲ್ಲಿ ತೀರ ಬಿಗಿ ಮಾಡಿದ ವರ್ಮ್ ಜನವರಿಯ ನಡುರಾತ್ರಿ ತಿರುಗಲು ತಕರಾರು ತೆಗೆಯುತ್ತದೆ.

ಉಳಿದ ಪ್ಲೇ ಜೊತೆ ಬದುಕಲು ಒಂದು ಉಪಾಯವಿದೆ. ಪೋಲಾರ್ ಅಲೈನ್‌ಮೆಂಟನ್ನು ಒಂದೆರಡು ಆರ್ಕ್‌ಮಿನಿಟ್ (ಒಂದಕ್ಕೆ 60 ಆರ್ಕ್‌ಸೆಕೆಂಡ್) ತಪ್ಪಾಗಿಯೇ ಬಿಟ್ಟು, ಡೆಕ್ ಸದಾ ಒಂದೇ ದಿಕ್ಕಿಗೆ ಮೆಲ್ಲಗೆ ಜಾರುವಂತೆ ಮಾಡುವುದು, ಮತ್ತು ತಂತ್ರಾಂಶಕ್ಕೆ ಅದರ ಎದುರು ದಿಕ್ಕಿನಲ್ಲಿ ಮಾತ್ರ ತಿದ್ದಲು ಅನುಮತಿ ಕೊಡುವುದು. ಆಗ ಹಲ್ಲು ಯಾವಾಗಲೂ ಒಂದೇ ಬದಿಗೆ ಒತ್ತಿಕೊಂಡಿರುತ್ತದೆ. ಧ್ರುವಕ್ಕೆ ಕರಾರುವಾಕ್ಕಾಗಿ ಹೊಂದಿಸುವುದೇ ಪರಮ ಗುರಿ ಎಂದು ನಂಬಿದವರಿಗೆ ಇದು ಅಪಚಾರದಂತೆ ಕೇಳಿಸುತ್ತದೆ. 5 ಆರ್ಕ್‌ಮಿನಿಟ್ ತಪ್ಪಿದರೂ ಡೆಕ್ ಜಾರುವುದು ಹೆಚ್ಚೆಂದರೆ ನಿಮಿಷಕ್ಕೆ 1.3 ಆರ್ಕ್‌ಸೆಕೆಂಡ್. ಮೂರು ಸೆಕೆಂಡಿಗೊಮ್ಮೆ ನೋಡುವ ಗೈಡರ್‌ಗೆ ಇದು ಲೆಕ್ಕಕ್ಕೇ ಇಲ್ಲ.

ಧ್ರುವದ ಮಾತು ಬಂತು. ಪರದೇಶದ ಕೈಪಿಡಿಗಳು "ಧ್ರುವ ನಕ್ಷತ್ರವನ್ನು ಪೋಲಾರ್ ಸ್ಕೋಪಿನಲ್ಲಿ ನೋಡಿ" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ, ಧ್ರುವ ನಕ್ಷತ್ರ ಬಾನಂಚಿನಿಂದ ಏಳುವುದೂ ಅಷ್ಟೇ. ಉತ್ತರಕ್ಕೆ ಒಂದು ತೆಂಗಿನ ತೋಪಿದ್ದರೆ, ಒಂದು ಮೂರಂತಸ್ತಿನ ಮನೆಯಿದ್ದರೆ ಮುಗಿಯಿತು. ಏನೂ ಇಲ್ಲದಿದ್ದರೂ ಧೂಳು ಮತ್ತು ಪಕ್ಕದ ಊರಿನ ದೀಪ ಇದ್ದೇ ಇರುತ್ತವೆ. ಕಂಡರೂ ಪೂರ್ತಿ ನಂಬುವಂತಿಲ್ಲ: ಅಷ್ಟು ಕೆಳಗೆ ವಾತಾವರಣ ಬೆಳಕನ್ನು ಬಾಗಿಸಿ ನಕ್ಷತ್ರವನ್ನು ಸುಮಾರು 4 ಆರ್ಕ್‌ಮಿನಿಟ್ ಮೇಲೆತ್ತಿ ತೋರಿಸುತ್ತದೆ. ನಾನು ನಿನಾ ತಂತ್ರಾಂಶದ ಮೂರು ಬಿಂದುಗಳ ವಿಧಾನ ಬಳಸುತ್ತೇನೆ. ಆಕಾಶದ ತೆರವಾದ ಭಾಗದಲ್ಲಿ ಮೂರು ಚಿತ್ರ ತೆಗೆದು, ನಕ್ಷತ್ರಗಳನ್ನು ಗುರುತಿಸಿ, ಮೌಂಟಿನ ಅಕ್ಷ ಎಲ್ಲಿಗೆ ಮುಖ ಮಾಡಿದೆ ಎಂದು ಅದೇ ಲೆಕ್ಕ ಹಾಕುತ್ತದೆ. ಧ್ರುವ ನಕ್ಷತ್ರ ಕಾಣಲೇಬೇಕೆಂದಿಲ್ಲ.

ಕಡಿಮೆ ಅಕ್ಷಾಂಶದ ಇನ್ನೊಂದು ಪೀಕಲಾಟವನ್ನು ಯುರೋಪಿನವರು ಅನುಭವಿಸಿರಲಾರರು. ಇಲ್ಲಿ ಆರ್‌ಎ ಅಕ್ಷ ಬಹುತೇಕ ಮಲಗಿಕೊಂಡಿರುತ್ತದೆ, ಭಾರವೆಲ್ಲ ಉತ್ತರಕ್ಕೆ ವಾಲುತ್ತದೆ. ಮಗುಚದಿರಲಿ ಎಂದು ಟ್ರೈಪಾಡಿನ ಒಂದು ಕಾಲನ್ನು ಉತ್ತರಕ್ಕೆ ಇಟ್ಟರೆ, ಕೌಂಟರ್‌ವೇಟ್ (ಟೆಲಿಸ್ಕೋಪಿಗೆ ಸಮತೂಕವಾಗಿ ಹಾಕುವ ಭಾರ) ಹೋಗಿ ಅದೇ ಕಾಲಿಗೆ ತಾಗುತ್ತದೆ. ಕೊನೆಗೆ ಟ್ರೈಪಾಡ್ ಮತ್ತು ಮೌಂಟ್ ನಡುವೆ ಒಂದು ಗೇಣಿನ ಪಿಯರ್ (ಕಂಬ) ತುಂಡು ಹಾಕಿಕೊಳ್ಳಬೇಕಾಗುತ್ತದೆ. ಅದು ಗಟ್ಟಿಯಾಗಿರದಿದ್ದರೆ ಗಾಳಿ ಬೀಸಿದಾಗಲೆಲ್ಲ ಗ್ರಾಫಿಗೆ ಬರೆ ಬೀಳುತ್ತದೆ.

ಈ ಅಕ್ಷಾಂಶ ಕೊಡುವ ಒಂದು ಲಾಭವನ್ನೂ ಹೇಳಬೇಕು. ಗೈಡಿಂಗ್ ಕ್ಯಾಲಿಬ್ರೇಷನ್, ಅಂದರೆ ಒಂದು ಪಲ್ಸಿಗೆ ಮೌಂಟ್ ಯಾವ ದಿಕ್ಕಿಗೆ ಎಷ್ಟು ಸರಿಯುತ್ತದೆಂದು ತಂತ್ರಾಂಶ ಅಳೆದುಕೊಳ್ಳುವುದು, ಮಾಡಬೇಕಾದದ್ದು ಖಗೋಳ ವಿಷುವದ್ವೃತ್ತದ ಹತ್ತಿರ, ಮಧ್ಯಾಹ್ನ ರೇಖೆಯ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ಗೆರೆ) ಪಕ್ಕ. ಲಂಡನ್ನಿನವರಿಗೆ ಅದು 38 ಡಿಗ್ರಿ ಎತ್ತರದಲ್ಲಿ ಸಿಕ್ಕರೆ ನಮಗೆ 77 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೇ. ನಡುವೆ ಇರುವ ಗಾಳಿ ತೆಳ್ಳಗೆ, ಕ್ಯಾಲಿಬ್ರೇಷನ್ ಗೆರೆಗಳು ಅಚ್ಚುಕಟ್ಟಾಗಿ ಲಂಬಕ್ಕೆ ಬರುತ್ತವೆ. ಮಹಾವ್ಯಾಧದ ನೀಹಾರಿಕೆ ಅದರ ಪಕ್ಕದಲ್ಲೇ ಇದೆ. ಚಳಿಗಾಲದಲ್ಲಿ ಅಲ್ಲೇ ಕ್ಯಾಲಿಬ್ರೇಟ್ ಮಾಡಿ ಅಲ್ಲೇ ಕೆಲಸ ಶುರು ಮಾಡಬಹುದು.

ನಾವು ಚಿಂತಾಮಣಿ ಕಡೆಯ ಸ್ನೇಹಿತರ ತೋಟಕ್ಕೆ ಹೋಗುವಾಗ ಹೊಸಕೋಟೆ ದಾಟುತ್ತೇವೆ. ಅಲ್ಲಿ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಇಲ್ಲಿಂದ, ಉಪಗ್ರಹ ಸಂಪರ್ಕದ ಮೂಲಕ. ಡಿಕ್ಕಿಯಲ್ಲಿ 17 ಕೆಜಿ ಮೌಂಟ್, ಕಾಲಡಿ ಬ್ಯಾಟರಿ ಇಟ್ಟುಕೊಂಡು ಆ ಗೇಟಿನ ಮುಂದೆ ಹೋಗುವಾಗ ಪ್ರತಿ ಸಲವೂ ಒಂದಿಷ್ಟು ಹೊಟ್ಟೆಕಿಚ್ಚಾಗುತ್ತದೆ.

ಗ್ರಾಫು ಚೆನ್ನಾಗಿದ್ದು ನಕ್ಷತ್ರ ಓರೆಯಾದ ರಾತ್ರಿಗಳ ಬಗ್ಗೆ ಚುಟುಕಾಗಿ. ಗೈಡ್ ಸ್ಕೋಪ್ ತಾನು ನೋಡುವ ನಕ್ಷತ್ರವನ್ನು ಅಲುಗದಂತೆ ಹಿಡಿದಿದೆ, ಆದರೆ ಗೈಡ್ ಸ್ಕೋಪೇ ಮುಖ್ಯ ಟೆಲಿಸ್ಕೋಪಿನ ಮೇಲೆ ಬಾಗುತ್ತಿದೆ. ಪತ್ತೆ ಹಚ್ಚುವುದು ಸುಲಭ: ರಾತ್ರಿಯ ಮೊದಲ ಚಿತ್ರದಿಂದ ಕೊನೆಯದರವರೆಗೆ ನಕ್ಷತ್ರಗಳು ಒಂದೇ ದಿಕ್ಕಿಗೆ ಜಾರುತ್ತ ಹೋಗಿರುತ್ತವೆ. ಪ್ಲಾಸ್ಟಿಕ್ ತುದಿಯ ಮೂರು ಸ್ಕ್ರೂಗಳ ಮೇಲೆ ತೇಲುವ ಉಂಗುರಗಳನ್ನು ಬಿಸಾಡಿ ಗಟ್ಟಿ ಹಿಡಿಕೆ ಹಾಕಿದರೆ ಎಷ್ಟೋ ವಾಸಿಯಾಗುತ್ತದೆ. ಕೇಬಲ್ಲುಗಳನ್ನು ಕಟ್ಟಿ ಅಕ್ಷದ ಹತ್ತಿರದಿಂದ ಇಳಿಬಿಡಬೇಕು. ತೂಗಾಡುವ ಒಂದು ಯುಎಸ್‌ಬಿ ಕೇಬಲ್ ಇಡೀ ರಾತ್ರಿಯನ್ನು ಹಾಳು ಮಾಡಬಲ್ಲದು. ಫೋಕಲ್ ಲೆಂತ್ ಒಂದು ಮೀಟರ್ ದಾಟಿದರೆ ಮುಖ್ಯ ಟೆಲಿಸ್ಕೋಪಿನ ಬೆಳಕಿನಲ್ಲೇ ಒಂದು ಚೂರನ್ನು ಗೈಡ್ ಕ್ಯಾಮೆರಾಗೆ ತಿರುಗಿಸುವ ಆಫ್ ಆಕ್ಸಿಸ್ ಗೈಡರ್ ಹಾಕಿಕೊಳ್ಳುವುದೇ ಸರಿ.

"ಹಾರ್ಮೋನಿಕ್ ಮೌಂಟ್ ತಗೊಂಡ್ರೆ ಈ ಕಿರಿಕಿರಿ ಎಲ್ಲ ಇರಲ್ಲ ಅಲ್ವಾ ಸಾರ್?" ಎಂದು ಈಚೆಗೆ ಹೊಸಬರು ಕೇಳುತ್ತಾರೆ. 1971ರಲ್ಲಿ ಅಪೊಲೊ 15ರ ಜೊತೆ ಚಂದ್ರನ ಮೇಲೆ ಓಡಿದ ಬಂಡಿಯ ಚಕ್ರಗಳಲ್ಲಿ ಇದ್ದದ್ದು ಇದೇ ಬಗೆಯ ಡ್ರೈವ್, ವರ್ಮ್ ಬದಲು ಬಾಗುವ ತೆಳು ಹಲ್ಲುಚಕ್ರದಿಂದ ತಿರುಗುವುದು. ಹಗುರ, ಬ್ಯಾಕ್‌ಲ್ಯಾಶ್ ಇಲ್ಲವೆನ್ನುವಷ್ಟು ಕಡಿಮೆ, ಕೌಂಟರ್‌ವೇಟ್ ಹೊರುವ ಗೋಳು ಬಹುತೇಕ ಇಲ್ಲ. ಆದರೆ ಪೀರಿಯಾಡಿಕ್ ಎರರ್ ಒಳ್ಳೆಯ ವರ್ಮ್ ಮೌಂಟಿಗಿಂತ ಜಾಸ್ತಿ, ಏರಿಳಿತವೂ ಚುರುಕು. ಅದಕ್ಕೆ ಗೈಡ್ ಎಕ್ಸ್‌ಪೋಷರ್ ಒಂದು ಸೆಕೆಂಡಿಗೋ ಅದಕ್ಕಿಂತ ಕೆಳಕ್ಕೋ ಇಳಿಸಬೇಕು. ಆಗ ಗಾಳಿಯ ಕಂಪನದ ಹಿಂದೆ ಓಡುವ ಅದೇ ಸಮಸ್ಯೆ ಹಿಂಬಾಗಿಲಿನಿಂದ ಬರುತ್ತದೆ. ಅನೇಕ ನಕ್ಷತ್ರಗಳನ್ನು ಒಟ್ಟಿಗೆ ಅಳೆದು ಸರಾಸರಿ ತೆಗೆಯುವ ಮಲ್ಟಿಸ್ಟಾರ್ ಗೈಡಿಂಗ್ ಅದನ್ನು ಒಂದಿಷ್ಟು ತಡೆಯುತ್ತದೆ. ಬೆನ್ನುನೋವಿದ್ದವರು ಕಣ್ಣುಮುಚ್ಚಿ ಹಾರ್ಮೋನಿಕ್ ಕೊಳ್ಳಲಿ. ಬೆನ್ನು ಗಟ್ಟಿಯಿದ್ದವರು ವರ್ಮ್ ಮೌಂಟನ್ನು ಚೆನ್ನಾಗಿ ಪಳಗಿಸಿಕೊಂಡರೆ ಸಾಕೆಂದು ನನ್ನ ಅಭಿಪ್ರಾಯ. ಪಿಎಚ್‌ಡಿ2ರಲ್ಲೇ ಇರುವ ಪ್ರೆಡಿಕ್ಟಿವ್ ಪಿಇಸಿ ಎಂಬ ವಿಧಾನ, ಜರ್ಮನಿಯ ಟ್ಯೂಬಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ರೂಪಿಸಿದ್ದು, ವರ್ಮಿನ ತೂಗಾಟವನ್ನು ಒಂದೆರಡು ಸುತ್ತು ನೋಡಿ ಕಲಿತು, ತಪ್ಪು ಆಗುವ ಮುನ್ನವೇ ತಿದ್ದುತ್ತದೆ. ನಾನು ಆರ್‌ಎಗೆ ಅದನ್ನೇ ಹಾಕಿ ಬಿಟ್ಟಿದ್ದೇನೆ.

ಮಳೆಗಾಲದಲ್ಲಿ ಬೇರೆ ಕೆಲಸವಿಲ್ಲ, ಹಳೆಯ ಗೈಡ್ ಲಾಗುಗಳನ್ನು ತೆರೆದು ಯಾವ ಅಲುಗಾಟ ಎಷ್ಟು ಸೆಕೆಂಡಿಗೊಮ್ಮೆ ಮರಳುತ್ತದೆ ಎಂದು ತೋರಿಸುವ ಫ್ರೀಕ್ವೆನ್ಸಿ ಗ್ರಾಫ್ ನೋಡುತ್ತಿರುತ್ತೇನೆ. 479 ಸೆಕೆಂಡಿನಲ್ಲಿ ಗೋಪುರ ಇದ್ದೇ ಇದೆ, ಅದು ವರ್ಮ್. ಅದರ ಪಕ್ಕ 120ರ ಹತ್ತಿರ ಇನ್ನೊಂದು ಚೂಪು ಎದ್ದಿದೆ. ವರ್ಮಿನ ಮೇಲೆ 48 ಹಲ್ಲಿನ ಪುಲ್ಲಿ, ಮೋಟಾರಿನ ಮೇಲೆ 12 ಹಲ್ಲಿನದು, ನಾಲ್ಕಕ್ಕೆ ಒಂದು. 479ನ್ನು ನಾಲ್ಕರಿಂದ ಭಾಗಿಸಿ ನೋಡಿ. ಮೋಟಾರಿನ ಪುಟ್ಟ ಪುಲ್ಲಿಯ ತೂತು ನಡುವಿಗೆ ಸರಿಯಾಗಿ ಕೊರೆದಿಲ್ಲ. ಹೊಸದನ್ನು ಕಡೆಸೋಣವೆಂದು ಪೀಣ್ಯದ ಒಂದು ಲೇತ್ ಶಾಪಿಗೆ ಸ್ಯಾಂಪಲ್ ತೆಗೆದುಕೊಂಡು ಹೋದೆ. ಯಜಮಾನರು ಅದನ್ನು ಹೆಬ್ಬೆರಳಿನ ಉಗುರ ಮೇಲಿಟ್ಟು ತಿರುಗಿಸಿ ನೋಡಿದರು.

"ಮಾಡ್ಬೋದು ಸಾರ್. ಎಷ್ಟು ಪೀಸ್? ಐನೂರಾ, ಸಾವಿರಾನಾ?"

"ಒಂದು."

"ಟೀ ಕುಡೀತೀರಾ?" ಅಂದರು.